ಉರಿನೆಲದ ದರ್ಶನ: ನೇಪಲ್ಸ್ ಕೊಲ್ಲಿಯ ಸ್ಥಳೈತಿಹ್ಯಗಳು ಮತ್ತು ಪ್ರೇಕ್ಷಣೆಯ ಚರಿತ್ರೆ

ಪೀಠಿಕೆ

ಇಟಲಿಯ ನೇಪಲ್ಸ್ ನಗರವು ಎರಡು ಜ್ವಾಲಾಮುಖಿಗಳ ನಡುವೆ ನೆಲೆಗೊಂಡಿದೆ. ಪೂರ್ವಕ್ಕಿರುವ ವೆಸೂವಿಯಸ್ ಪರ್ವತ ಎಲ್ಲರಿಗೂ ಪರಿಚಿತವಾದುದು. ಕ್ರಿ.ಶ. 79ರಲ್ಲಿ ಪಾಂಪೇಯಿ, ಹರ್ಕ್ಯುಲೇನಿಯಂ ಪಟ್ಟಣಗಳನ್ನು ಹೂತುಹಾಕಿದ ಕಾರಣದಿಂದ ಅದು ಲೋಕಪ್ರಸಿದ್ಧವಾಗಿದೆ. ಪಶ್ಚಿಮಕ್ಕಿರುವ ಜ್ವಾಲಾಮುಖಿಗೆ ಶಿಖರವಿಲ್ಲ. ಪೊಟ್ಸುವೋಲಿ ಎಂಬ ಬಂದರು ಪಟ್ಟಣವನ್ನು ನಡುವಿನಲ್ಲಿಟ್ಟುಕೊಂಡು, ಒಂದಷ್ಟು ನೆಲದ ಮೇಲೂ ಒಂದಷ್ಟು ಸಮುದ್ರದ ಅಡಿಯಲ್ಲೂ ಹರಡಿರುವ ವಿಶಾಲವಾದ ತಗ್ಗು ಅದು. ಅದಕ್ಕೆ ಕಾಂಪಿ ಫ್ಲೆಗ್ರೇಯಿ ಎಂದು ಹೆಸರು. ಉರಿಯುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದ ಈ ಹೆಸರನ್ನು ಕನ್ನಡದಲ್ಲಿ ‘ಉರಿವ ಬಯಲುಗಳು’ ಎನ್ನಬಹುದು.

ಈ ಉರಿನೆಲವನ್ನು ನೋಡಲೆಂದು ಜನರು ಎರಡು ಸಾವಿರ ವರ್ಷಗಳಿಂದ ಬರುತ್ತಿದ್ದಾರೆ. ಅವರಲ್ಲಿ ಕವಿಗಳಿದ್ದಾರೆ, ರೋಗಿಗಳಿದ್ದಾರೆ, ರಾಜರಿದ್ದಾರೆ, ವಿಜ್ಞಾನಿಗಳಿದ್ದಾರೆ. ಅವರು ಬರೆದಿಟ್ಟ ದಿನಚರಿ, ಪತ್ರ, ಪ್ರವಾಸಕಥನಗಳೇ ಈ ಪ್ರದೇಶದ ಪ್ರೇಕ್ಷಣೆಯ ಚರಿತ್ರೆಗೆ ಮುಖ್ಯ ಆಕರಗಳಾಗಿವೆ. ಆದರೆ ನೋಡಲು ಬಂದವರಿಗೆ ಅದನ್ನು ತೋರಿಸಿದವರೂ ಇದ್ದರು. ತೋರಿಸಿದವರ ಹಿಂದೆ ಅದೇ ನೆಲದ ಮೇಲೆ ಬದುಕಿದವರೂ ಇದ್ದರು. ಅವರ ಮಾತು ಈ ಗ್ರಂಥಗಳಲ್ಲಿ ಹೆಚ್ಚಾಗಿ ಮೂಢನಂಬಿಕೆಯ ಉದಾಹರಣೆಯಾಗಿಯೋ ನಗೆಯ ವಸ್ತುವಾಗಿಯೋ ಉಳಿದಿದೆ. ಆ ಮಾತನ್ನು ಜ್ಞಾನದ ಒಂದು ರೂಪವೆಂದು ಭಾವಿಸಿ ಓದಿದಾಗ ಏನು ದೊರೆಯುತ್ತದೆ, ಆ ಜ್ಞಾನಕ್ಕಿದ್ದ ಮಿತಿಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ನೆಲದ ಸ್ವರೂಪ

ಭೂವಿಜ್ಞಾನದಲ್ಲಿ ಇಂಥ ತಗ್ಗನ್ನು ‘ಕಾಲ್ಡೆರಾ’ ಎನ್ನುತ್ತಾರೆ. ಕೊಪ್ಪರಿಗೆ ಎಂಬುದು ಆ ಪದದ ಮೂಲಾರ್ಥ. ಸುಮಾರು 40,000 ವರ್ಷಗಳ ಹಿಂದೆ ಒಮ್ಮೆ, ಸುಮಾರು 15,000 ವರ್ಷಗಳ ಹಿಂದೆ ಮತ್ತೊಮ್ಮೆ ಇಲ್ಲಿ ಮಹಾಸ್ಫೋಟಗಳಾಗಿ, ಒಳಗಿನ ಶಿಲಾರಸ ಹೊರಚಿಮ್ಮಿದ ಮೇಲೆ ಮೇಲಿನ ನೆಲ ಕುಸಿಯಿತು. ಹೀಗೆ ಉಂಟಾದ ಕೊಪ್ಪರಿಗೆಯ ಅಗಲ ಸುಮಾರು 12ರಿಂದ 15 ಕಿಲೋಮೀಟರ್. ಅದರೊಳಗೆ ಹತ್ತಾರು ಸಣ್ಣ ಬಾಯಿಗಳಿವೆ. ಕೆಲವು ಕೆರೆಗಳಾಗಿವೆ, ಕೆಲವು ದ್ರಾಕ್ಷಿ ತೋಟಗಳಾಗಿವೆ. ಸೊಲ್ಫತಾರದಂಥ ಕಡೆ ಇಂದಿಗೂ ಗಂಧಕದ ಹೊಗೆ ಏಳುತ್ತದೆ, ಕೆಸರು ಕುದಿಯುತ್ತದೆ.

ಈ ನೆಲದ ಮತ್ತೊಂದು ಗುಣ ಅದರ ಏರಿಳಿತ. ಸ್ಫೋಟವಿಲ್ಲದೆಯೇ ಭೂಮಿ ವರ್ಷಗಟ್ಟಲೆ ಮೆಲ್ಲನೆ ಮೇಲೇಳುತ್ತದೆ, ಇಲ್ಲವೆ ಮೆಲ್ಲನೆ ಕೆಳಗಿಳಿಯುತ್ತದೆ. ನಿಧಾನದ ಚಲನೆ ಎಂಬರ್ಥದಲ್ಲಿ ಇದನ್ನು ‘ಬ್ರಾಡಿಸಿಸಂ’ ಎನ್ನಲಾಗಿದೆ. ರೋಮನ್ ಶ್ರೀಮಂತರು ಬಿಸಿನೀರಿನ ಬುಗ್ಗೆಗಳಿಗಾಗಿ ಹಂಬಲಿಸಿ ಬರುತ್ತಿದ್ದ ಬಾಯಾ ಪಟ್ಟಣದ ಒಂದು ಭಾಗ, ಕ್ರಿ.ಪೂ. 37ರಲ್ಲಿ ಅಗ್ರಿಪ್ಪ ಕಟ್ಟಿಸಿದ ನೌಕಾನೆಲೆ ಈಗ ನೀರಿನಡಿಯಲ್ಲಿವೆ. ಬಾಯಾದ ಮುಳುಗಡೆ ಅವಶೇಷಗಳನ್ನು 2002ರಲ್ಲಿ ಜಲಾಂತರ ಪುರಾತತ್ವ ಉದ್ಯಾನವೆಂದು ಘೋಷಿಸಲಾಯಿತು. ಇದೇ ನೆಲ ಬದುಕನ್ನೂ ಕೊಟ್ಟಿತು ಎಂಬುದನ್ನು ಮರೆಯುವಂತಿಲ್ಲ. ಸುಣ್ಣದೊಡನೆ ಬೆರೆಸಿದರೆ ನೀರಿನಡಿಯಲ್ಲೂ ಗಟ್ಟಿಯಾಗುವ ಇಲ್ಲಿಯ ಬೂದಿಮಣ್ಣಿಗೆ ಪೊಟ್ಸುವೋಲಿಯ ಹೆಸರೇ ಅಂಟಿ ‘ಪೊಟ್ಸೊಲಾನ’ ಎಂದಾಯಿತು. ವಿತ್ರುವಿಯಸ್ ಅದರ ಗುಣವನ್ನು ವರ್ಣಿಸಿದ್ದಾನೆ. ರೋಮನ್ನರ ಬಂದರುಗಳು ಈ ಮಣ್ಣಿನ ಬಲದಿಂದ ನಿಂತವು.

ಪಾತಾಳದ ಬಾಗಿಲು

ಇಲ್ಲಿಯ ಪ್ರೇಕ್ಷಣೆಯ ಮೊದಲ ಘಟ್ಟವು ಪೌರಾಣಿಕವಾದುದು. ಕ್ರಿ.ಪೂ. 8ನೆಯ ಶತಮಾನದಲ್ಲಿ ಗ್ರೀಕರು ಕುಮಾದಲ್ಲಿ ನೆಲೆಯೂರಿದ ಮೇಲೆ ಅವೆರ್ನೊ ಎಂಬ ಜ್ವಾಲಾಮುಖಿ ಕೆರೆಯು ಪಾತಾಳಲೋಕದ ಬಾಗಿಲೆಂದು ಪ್ರಸಿದ್ಧವಾಯಿತು. ಆ ಹೆಸರಿಗೆ ‘ಹಕ್ಕಿಗಳಿಲ್ಲದ ತಾಣ’ ಎಂಬ ಜನಪದ ನಿರುಕ್ತಿ ಬೆಳೆಯಿತು; ಕೆರೆಯ ಮೇಲೆ ಹಾರುವ ಹಕ್ಕಿಗಳು ವಿಷವಾಯುವಿನಿಂದ ಸತ್ತು ಬೀಳುತ್ತವೆ ಎಂಬ ಐತಿಹ್ಯವೂ ಹುಟ್ಟಿಕೊಂಡಿತು. ಕ್ರಿ.ಪೂ. 19ರಲ್ಲಿ ತೀರಿಕೊಂಡ ವರ್ಜಿಲ್ ಕವಿಯು ತನ್ನ ಮಹಾಕಾವ್ಯದ ಆರನೆಯ ಸರ್ಗದಲ್ಲಿ ನಾಯಕನನ್ನು ಕುಮಾದ ಭವಿಷ್ಯವಾದಿನಿ ಸಿಬಿಲ್‌ಳ ಜೊತೆಗೆ ಇದೇ ದಾರಿಯಲ್ಲಿ ಪಾತಾಳಕ್ಕೆ ಇಳಿಸಿದ್ದಾನೆ.

ಮುಂದೆ ನಡೆದುದು ಗಮನಾರ್ಹವಾಗಿದೆ. ಕಾವ್ಯವು ಸ್ಥಳದಿಂದ ಹುಟ್ಟಿತು. ಆಮೇಲೆ ಸ್ಥಳವು ಕಾವ್ಯಕ್ಕೆ ತಕ್ಕಂತೆ ರೂಪ ಪಡೆಯತೊಡಗಿತು. ಓದಿ ಬಂದವರು ಸಿಬಿಲ್‌ಳ ಗುಹೆ ಎಲ್ಲಿ ಎಂದು ಕೇಳಿದರು. ಸ್ಥಳೀಯರು ಗುಹೆಯೊಂದನ್ನು ತೋರಿಸಿದರು. ಅವೆರ್ನೊ ದಂಡೆಯ ರೋಮನ್ ಸುರಂಗವೊಂದು ಶತಮಾನಗಳ ಕಾಲ ಸಿಬಿಲ್‌ಳ ಗುಹೆಯೆಂದು ಹೆಸರಾಗಿತ್ತು. ಅದರ ಒಳಕೋಣೆಗಳಲ್ಲಿ ನೀರು ನಿಂತಿದ್ದುದರಿಂದ ದಾರಿತೋರುಗರು ದೀವಟಿಗೆ ಹಿಡಿದು, ಪ್ರವಾಸಿಗಳನ್ನು ಬೆನ್ನಿನ ಮೇಲೆ ಹೊತ್ತು ದಾಟಿಸುತ್ತಿದ್ದರು. 1932ರಲ್ಲಿ ಪುರಾತತ್ವಜ್ಞ ಅಮೆದೆಯೊ ಮಯೂರಿ ಅವರು ಕುಮಾದಲ್ಲಿ ದೊರೆತ ಮತ್ತೊಂದು ಸುರಂಗವನ್ನು ನಿಜವಾದ ಗುಹೆಯೆಂದು ಗುರುತಿಸಿದರು. ಅದು ರಕ್ಷಣಾ ಕಾಮಗಾರಿಯಾಗಿದ್ದಿರಬೇಕೆಂದು ಅನಂತರದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅಂದರೆ ಐತಿಹ್ಯಕ್ಕೆ ಸ್ಥಳವನ್ನು ಹುಡುಕುವ ಹಂಬಲವು ಬೆನ್ನಿನ ಮೇಲೆ ಹೊತ್ತವನಿಗೆ ಮಾತ್ರ ಮೀಸಲಾಗಿರಲಿಲ್ಲ. ವಿದ್ವತ್ತಿನಲ್ಲೂ ಅದು ಕೆಲಸ ಮಾಡಿತು.

ಮಾಂತ್ರಿಕ ವರ್ಜಿಲ್ ಮತ್ತು ರಕ್ಷಕ ಸಂತ

ಮಧ್ಯಯುಗದಲ್ಲಿ ಇದೇ ಕವಿ ನೇಪಲ್ಸಿನ ಜನಪದರಲ್ಲಿ ಮಾಂತ್ರಿಕನಾಗಿ ಮರುಹುಟ್ಟು ಪಡೆದನು. ನೇಪಲ್ಸ್ ಮತ್ತು ಪೊಟ್ಸುವೋಲಿ ನಡುವಣ ಗುಡ್ಡವನ್ನು ಕೊರೆದು ರೋಮನ್ನರು ಮಾಡಿದ್ದ ಸುಮಾರು 700 ಮೀಟರ್ ಉದ್ದದ ಸುರಂಗವನ್ನು ವರ್ಜಿಲ್ ಮಂತ್ರಬಲದಿಂದ ಒಂದೇ ರಾತ್ರಿಯಲ್ಲಿ ನಿರ್ಮಿಸಿದನೆಂದು ಜನ ನಂಬಿದ್ದರು. ಒಂದೇ ರಾತ್ರಿಯಲ್ಲಿ ಮುಗಿದ ಕಟ್ಟಡ ಎಂಬ ಆಶಯವು ಕರ್ನಾಟಕದ ಅನೇಕ ದೇಗುಲಗಳ ಸ್ಥಳೈತಿಹ್ಯಗಳಲ್ಲೂ ಕಾಣುವಂಥದು. ಕಟ್ಟಿದವರ ನೆನಪು ಅಳಿದು ಕಟ್ಟಡ ಉಳಿದಾಗ ಈ ಆಶಯ ತಲೆಯೆತ್ತುತ್ತದೆ. 14ನೆಯ ಶತಮಾನದಲ್ಲಿ ರಾಬರ್ಟ್ ದೊರೆಯು ಈ ಬಗೆಗೆ ಪೆಟ್ರಾರ್ಕ್ ಕವಿಯನ್ನು ಕೇಳಿದಾಗ, ವರ್ಜಿಲ್ ಕಲ್ಲುಕುಟಿಗನಾಗಿದ್ದನೆಂದು ತಾನು ಎಲ್ಲೂ ಓದಿಲ್ಲವೆಂದು ಆತ ನಗೆಯಾಡಿದ. ಗೋಡೆಗಳ ಮೇಲೆ ಕಾಣುವುದು ಮಂತ್ರದ ಗುರುತಲ್ಲ, ಕಬ್ಬಿಣದ ಗುರುತು ಎಂದು ದೊರೆಯೂ ಒಪ್ಪಿದ.

ಆದರೆ ವರ್ಜಿಲ್ ಐತಿಹ್ಯಗಳನ್ನೆಲ್ಲ ಹೀಗೆ ನಗೆಯಲ್ಲಿ ತೇಲಿಸುವುದು ಸರಿಯಲ್ಲ. 12ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಿಂದ ಬಂದ ಕಾನ್ರಾಡ್ ಎಂಬ ಧರ್ಮಾಧಿಕಾರಿ ತನ್ನ ಪತ್ರದಲ್ಲಿ ಒಂದು ಕಥೆಯನ್ನು ದಾಖಲಿಸಿದ್ದಾನೆ. ವರ್ಜಿಲ್ ಕಂಚಿನ ಬಿಲ್ಲುಗಾರನೊಬ್ಬನನ್ನು ಮಾಡಿ, ಹೂಡಿದ ಬಾಣವು ವೆಸೂವಿಯಸ್ಸಿಗೆ ಗುರಿಯಾಗಿರುವಂತೆ ನಿಲ್ಲಿಸಿದ್ದನಂತೆ. ಆ ಬೆದರಿಕೆಗೆ ಪರ್ವತ ತೆಪ್ಪಗಿತ್ತು. ಒಮ್ಮೆ ಹಳ್ಳಿಯವನೊಬ್ಬನು ಈ ಬಿಲ್ಲು ಎಂದೂ ಬಾಣ ಬಿಡುವುದಿಲ್ಲವೇಕೆ ಎಂದು ಹೆದೆಯನ್ನು ಮೀಟಿಬಿಟ್ಟ. ಬಾಣ ಹೋಗಿ ಪರ್ವತದ ಬಾಯಿಗೆ ತಗುಲಿತು, ಬೆಂಕಿ ಎದ್ದಿತು. ಈ ಕಥೆಯ ತಿರುಳು ಸ್ಪಷ್ಟವಾಗಿದೆ. ಪರ್ವತ ಸುಮ್ಮನಿರುವುದು ಅದು ಸತ್ತಿರುವುದರಿಂದಲ್ಲ, ತಡೆದಿರುವುದರಿಂದ. ಆ ತಡೆ ಒಂದು ಅವಿವೇಕದ ಕೈಗೆ ಮುರಿಯಬಲ್ಲದು. ಸಮುದ್ರದ ಬಂಡೆಯ ಮೇಲಿನ ಕೋಟೆಯಡಿ ವರ್ಜಿಲ್ ಇರಿಸಿದ ಮೊಟ್ಟೆ ಒಡೆದರೆ ನಗರವೇ ನಾಶವಾಗುವುದೆಂಬ ಐತಿಹ್ಯವೂ ಇದೇ ಲೋಕದೃಷ್ಟಿಯನ್ನು ಹೇಳುತ್ತದೆ.

ಕಾಲಾಂತರದಲ್ಲಿ ಈ ರಕ್ಷಕನ ಸ್ಥಾನಕ್ಕೆ ಸಂತ ಜೆನ್ನಾರೊ ಬಂದನು. ಸಂಪ್ರದಾಯದ ಪ್ರಕಾರ ಕ್ರಿ.ಶ. 305ರಲ್ಲಿ ಆತನ ಶಿರಚ್ಛೇದವಾದುದು ಸೊಲ್ಫತಾರದ ಬಳಿಯಲ್ಲಿ. ಆತನದೆಂದು ಕಾಪಿಟ್ಟ ರಕ್ತವು ದ್ರವವಾಗುವ ಪವಾಡದ ಮೊದಲ ದಾಖಲೆ 1389ರದು. ವರ್ಷಕ್ಕೆ ಮೂರು ಬಾರಿ ನಡೆಯುವ ಈ ಆಚರಣೆಯಲ್ಲಿ ಒಂದು ದಿನ ಡಿಸೆಂಬರ್ 16. ಅದು 1631ರಲ್ಲಿ ವೆಸೂವಿಯಸ್ ಸಾವಿರಾರು ಜನರನ್ನು ಬಲಿತೆಗೆದುಕೊಂಡ ಸ್ಫೋಟದ ನೆನಪು. 1767ರ ಸ್ಫೋಟದ ನಂತರ ನಗರದ ಪೂರ್ವದ ಸೇತುವೆಯ ಮೇಲೆ ಪರ್ವತದ ಕಡೆಗೆ ಕೈಯೆತ್ತಿದ ಸಂತನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಬಿಲ್ಲುಗಾರ ಮತ್ತು ಸಂತ, ಇಬ್ಬರ ನಿಲುವೂ ಒಂದೇ, ದಿಕ್ಕೂ ಒಂದೇ. ಧರ್ಮ ಬದಲಾದರೂ ಪರ್ವತವನ್ನು ಕಣ್ಣಿಟ್ಟು ಕಾಯಬೇಕೆಂಬ ಜನಪದರ ತಿಳಿವಳಿಕೆ ಬದಲಾಗಲಿಲ್ಲ.

1538: ಹೊಸ ಬೆಟ್ಟ

ಐತಿಹ್ಯದಿಂದ ಚರಿತ್ರೆಗೆ ಬಂದರೆ 1538ರ ಘಟನೆ ನಿರ್ಣಾಯಕವಾದುದು. ಅದಕ್ಕೂ ಮೊದಲೇ ನೆಲ ಏರುತ್ತಿದ್ದುದಕ್ಕೆ ಆಡಳಿತದ ದಾಖಲೆಗಳಿವೆ. ಸಮುದ್ರ ಒಣಗಿ ಹೊರಬೀಳುತ್ತಿದ್ದ ನೆಲವನ್ನು ಪೊಟ್ಸುವೋಲಿ ಪಟ್ಟಣಕ್ಕೆ ಬಿಟ್ಟುಕೊಡುವ ರಾಜಾಜ್ಞೆಗಳು 1503 ಮತ್ತು 1511ರಲ್ಲಿ ಹೊರಟಿದ್ದವು. ಅಂದಿನವರಿಗೆ ಅದು ಲಾಭವಾಗಿ ಕಂಡಿತ್ತು. 1538ರ ಸೆಪ್ಟೆಂಬರ್ ಕೊನೆಯಲ್ಲಿ ಭೂಕಂಪನಗಳು ಹೆಚ್ಚಿ, ಸಮುದ್ರ ಸುಮಾರು ಇನ್ನೂರು ಹೆಜ್ಜೆ ಹಿಂದೆ ಸರಿಯಿತು. ದಂಡೆಯ ಮೇಲೆ ರಾಶಿಬಿದ್ದ ಮೀನನ್ನು ಜನ ಹೊತ್ತೊಯ್ದರು. ಸೆಪ್ಟೆಂಬರ್ 29ರ ಸಂಜೆ ನೆಲ ಬಿರಿದು ಬೆಂಕಿ, ಬೂದಿ, ಕಲ್ಲು ಚಿಮ್ಮಿದವು. ಸ್ನಾನಗೃಹಗಳಿಗೆ ಹೆಸರಾಗಿದ್ದ ತ್ರಿಪೆರ್ಗೊಲೆ ಎಂಬ ಹಳ್ಳಿ ಹೂತುಹೋಯಿತು. ಒಂದು ವಾರದೊಳಗೆ ಅಲ್ಲೊಂದು ಬೆಟ್ಟ ನಿಂತಿತು. ಸುಮಾರು 130 ಮೀಟರ್ ಎತ್ತರದ ಅದನ್ನು ಮೊಂತೆ ನುವೊವೊ, ಅಂದರೆ ಹೊಸ ಬೆಟ್ಟ, ಎಂದೇ ಕರೆಯುತ್ತಾರೆ.

ಪ್ರೇಕ್ಷಣೆಯ ಚರಿತ್ರೆಗೆ ಈ ವಾರದ ಕೊನೆಯ ದಿನ ಬಹು ಮುಖ್ಯವಾದುದು. ಆರ್ಭಟ ತಗ್ಗಿದಂತೆ ಕಂಡಾಗ ಹೊಸ ಬೆಟ್ಟವನ್ನು ನೋಡಲು ಜನ ಹತ್ತತೊಡಗಿದರು. ಅಕ್ಟೋಬರ್ 6ರಂದು ಮತ್ತೆ ಸ್ಫೋಟವಾಗಿ ಹತ್ತುತ್ತಿದ್ದವರಲ್ಲಿ 24 ಮಂದಿ ಸತ್ತರು. ಹಳ್ಳಿಯನ್ನು ನುಂಗಿದ ಸ್ಫೋಟಕ್ಕೆ ಹೆದರಿ ಓಡಿದವರು ಬದುಕಿದರು, ಅದು ಮುಗಿಯಿತೆಂದು ನಂಬಿ ನೋಡಹೋದವರು ಸತ್ತರು. ಕಂಚಿನ ಬಿಲ್ಲನ್ನು ಕುತೂಹಲದಿಂದ ಮೀಟಿದ ಹಳ್ಳಿಯವನ ಕಥೆ ಇದಕ್ಕಿಂತ ಮೂರೂವರೆ ಶತಮಾನ ಹಿಂದಿನದು. ಅದು ಭವಿಷ್ಯ ಹೇಳಿತೆಂದು ಯಾರೂ ವಾದಿಸಬೇಕಾಗಿಲ್ಲ. ಸುಮ್ಮನಿರುವ ಬೆಂಕಿಯ ಬಗೆಗೆ ಕುತೂಹಲ ತೋರುವಾಗ ಎಚ್ಚರ ಬೇಕೆಂಬ ಅನುಭವವು ಆ ಕಥೆಯಲ್ಲಿ ಹರಳುಗಟ್ಟಿತ್ತು ಎಂದರೆ ಸಾಕು.

ಬೆದರಿ ಊರು ಬಿಟ್ಟಿದ್ದ ಜನರನ್ನು ಮರಳಿ ಕರೆತರಲು ಅಂದಿನ ರಾಜಪ್ರತಿನಿಧಿ ಪೆದ್ರೊ ದ ತೊಲೇದೊ ತೆರಿಗೆ ವಿನಾಯಿತಿ ಕೊಟ್ಟನು. ಪೊಟ್ಸುವೋಲಿಯಲ್ಲಿ ತಾನೇ ಅರಮನೆ ಕಟ್ಟಿಸಿಕೊಂಡನು. ಅಪಾಯದ ನೆಲಕ್ಕೆ ಜನರನ್ನು ಮರಳಿಸಲು ಆಳುವವನು ಅಲ್ಲಿ ಮನೆ ಮಾಡಿದ ಈ ಸಂಗತಿಯನ್ನು 20ನೆಯ ಶತಮಾನದ ಸ್ಥಳಾಂತರಗಳ ಜೊತೆಗೆ ಹೋಲಿಸಿ ನೋಡಬೇಕಾಗಿದೆ.

ತೋರಿಸುವವರ ವಿದ್ಯೆ

17 ಮತ್ತು 18ನೆಯ ಶತಮಾನಗಳಲ್ಲಿ ಯುರೋಪಿನ ಸಿರಿವಂತ ತರುಣರ ವಿದ್ಯಾಯಾತ್ರೆಗೆ ನೇಪಲ್ಸ್ ದಕ್ಷಿಣದ ಗಡಿಯಾಯಿತು. 1685ರಲ್ಲಿ ಪೊಂಪೆಯೊ ಸರ್ನೆಲ್ಲಿಯು ಪರದೇಶಿಗಳಿಗಾಗಿ ಮಾರ್ಗದರ್ಶಿಗಳನ್ನು ಪ್ರಕಟಿಸಿದನು. ಇಂಗ್ಲೆಂಡಿನ ಜಾನ್ ಎವೆಲಿನ್ 1645ರಲ್ಲಿ, ಜರ್ಮನಿಯ ಗಯಟೆ 1787ರಲ್ಲಿ ಇಲ್ಲಿಗೆ ಬಂದರು. ನೋಡಬೇಕಾದ ತಾಣಗಳ ಪಟ್ಟಿ ಸಿದ್ಧವಾಯಿತು, ಪ್ರತಿಯೊಂದು ತಾಣಕ್ಕೂ ಒಂದು ಪ್ರದರ್ಶನ ಗೊತ್ತಾಯಿತು.

ಅವುಗಳಲ್ಲಿ ಅಗ್ನಾನೊ ಕೆರೆಯ ದಂಡೆಯ ‘ನಾಯಿಯ ಗವಿ’ ಅತ್ಯಂತ ಪ್ರಸಿದ್ಧವಾದುದು. ಅಲ್ಲಿ ನೆಲದಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದುದರಿಂದ ಕೆಳಗೇ ನಿಲ್ಲುತ್ತದೆ. ನಿಂತ ಮನುಷ್ಯನಿಗೆ ಏನೂ ಆಗುವುದಿಲ್ಲ. ಕಾವಲುಗಾರನು ನಾಯಿಯೊಂದನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದ. ಅದು ಪ್ರಜ್ಞೆ ತಪ್ಪಿದೊಡನೆ ಹೊರಗೆಳೆದು ಕೆರೆಗೆ ಹಾಕಿ ಎಚ್ಚರಿಸುತ್ತಿದ್ದ. ದಿನವೂ ಪ್ರವಾಸಿಗಳಿಗಾಗಿ ಹೀಗೆ ಅರೆಸತ್ತು ಮರುಹುಟ್ಟುತ್ತಿದ್ದ ನಾಯಿಗಳ ವರ್ಣನೆ ಪ್ರವಾಸಕಥನಗಳಲ್ಲಿ ತುಂಬಿದೆ. ಅಮೆರಿಕದ ಮಾರ್ಕ್ ಟ್ವೈನ್ 1869ರ ತನ್ನ ಪುಸ್ತಕದಲ್ಲಿ ಇದನ್ನು ಗೇಲಿ ಮಾಡಿದ್ದಾನೆ. 1870ರಲ್ಲಿ ಕೆರೆಯನ್ನು ಬತ್ತಿಸಲಾಯಿತು. ಬಾಯಾದ ಬಳಿಯ ‘ನೀರೋನ ಬೆವರುಗವಿ’ಗಳಲ್ಲಿ ದಾರಿತೋರುಗನು ಮೊಟ್ಟೆಗಳನ್ನು ಹಿಡಿದು ಕುದಿನೀರಿನ ಸುರಂಗಕ್ಕೆ ನುಗ್ಗಿ, ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ಬೆವರಾಗಿ ಬೆಂದ ಮೊಟ್ಟೆಗಳೊಡನೆ ಮರಳುತ್ತಿದ್ದ. ಸೊಲ್ಫತಾರದಲ್ಲಿ ದೊಡ್ಡ ಕಲ್ಲನ್ನು ನೆಲಕ್ಕೆ ಎತ್ತಿಹಾಕಿ ಒಳಗಿನ ಟೊಳ್ಳು ದನಿಯನ್ನು ಕೇಳಿಸುತ್ತಿದ್ದರು. ಉರಿಯುವ ಕಾಗದವನ್ನು ಹೊಗೆಬಾಯಿಯ ಬಳಿ ಆಡಿಸಿ ಸುತ್ತಲ ಹಬೆ ಒಮ್ಮೆಲೇ ದಟ್ಟವಾಗುವಂತೆ ಮಾಡುತ್ತಿದ್ದರು. ಹೊಗೆಯ ಕಣಗಳ ಸುತ್ತ ಹಬೆ ಹನಿಗಟ್ಟುವುದರಿಂದ ಹೀಗಾಗುತ್ತದೆ.

ಪ್ರವಾಸಿಗಳು ಇವನ್ನು ಕಾಸಿನಾಸೆಯ ಆಟಗಳೆಂದು ಬರೆದಿದ್ದಾರೆ. ಕಾಸಿಗಾಗಿಯೇ ನಡೆದವು ಎಂಬುದೂ ನಿಜ, ನಾಯಿಯ ಪಾಲಿಗೆ ಅದು ಕ್ರೌರ್ಯವೇ ಆಗಿತ್ತು. ಆದರೂ ವಾಯು ಯಾವ ಎತ್ತರದವರೆಗೆ ನಿಲ್ಲುತ್ತದೆ, ಎಷ್ಟು ಹೊತ್ತು ತಡೆಯಬಹುದು, ನೆಲ ಎಲ್ಲಿ ಟೊಳ್ಳು, ಎಲ್ಲಿ ಕಾಲಿಡಬಾರದು ಎಂಬ ತಿಳಿವಳಿಕೆ ಇಲ್ಲದೆ ಈ ಆಟಗಳು ಸಾಧ್ಯವಿರಲಿಲ್ಲ. ಅದು ತಲೆಮಾರಿನಿಂದ ತಲೆಮಾರಿಗೆ ಬಾಯ್ದೆರೆಯಾಗಿ, ಕೈವಾಡವಾಗಿ ಬಂದ ವಿದ್ಯೆ. 1764ರಿಂದ 1800ರವರೆಗೆ ನೇಪಲ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ವಿಲಿಯಂ ಹ್ಯಾಮಿಲ್ಟನ್ ಜ್ವಾಲಾಮುಖಿ ಅಧ್ಯಯನದ ಆದ್ಯರಲ್ಲೊಬ್ಬನೆಂದು ಮಾನ್ಯನಾಗಿದ್ದಾನೆ. ಪಿಯೆತ್ರೊ ಫ್ಯಾಬ್ರಿಸ್ ಬರೆದ ಚಿತ್ರಗಳೊಡನೆ 1776ರಲ್ಲಿ ಪ್ರಕಟವಾದ ಆತನ ‘ಕಾಂಪಿ ಫ್ಲೆಗ್ರೇಯಿ’ ಗ್ರಂಥದ ಹಿಂದೆ ವೆಸೂವಿಯಸ್ಸನ್ನು ಹತ್ತಿಳಿದ ನೂರಾರು ನಡಿಗೆಗಳಿದ್ದವು, ಆ ನಡಿಗೆಗಳ ಮುಂದೆ ಬಾರ್ತೊಲೊಮಿಯೊ ಎಂಬ ಒಕ್ಕಣ್ಣಿನ ದಾರಿತೋರುಗನಿದ್ದನು. ಗ್ರಂಥದ ಕೀರ್ತಿ ರಾಯಭಾರಿಗೆ ಸಂದಿತು; ದಾರಿತೋರುಗನಿಗೆ ‘ವೆಸೂವಿಯಸ್ಸಿನ ಸೈಕ್ಲಾಪ್ಸ್’ ಎಂಬ ಅಡ್ಡಹೆಸರು ದಕ್ಕಿತು.

ಮೂರು ಕಂಬಗಳ ಸಾಕ್ಷ್ಯ

ಪೊಟ್ಸುವೋಲಿಯ ಬಂದರಿನ ಬಳಿ 1750ರಲ್ಲಿ ನಡೆದ ಉತ್ಖನನದಲ್ಲಿ ಸೆರಾಪಿಸ್ ದೇವತೆಯ ಪ್ರತಿಮೆ ದೊರೆತುದರಿಂದ ಆ ಕಟ್ಟಡವನ್ನು ಸೆರಾಪಿಸ್ ದೇಗುಲವೆಂದು ಕರೆದರು. ವಾಸ್ತವವಾಗಿ ಅದು ರೋಮನ್ನರ ಮಾರುಕಟ್ಟೆ. ಅಲ್ಲಿ ನಿಂತಿರುವ ಮೂರು ಅಮೃತಶಿಲೆಯ ಕಂಬಗಳ ಮೈಯಲ್ಲಿ ತಳದಿಂದ ಸುಮಾರು 12 ಅಡಿಯವರೆಗೆ ನುಣುಪಿದೆ. ಅದರ ಮೇಲೆ ಸುಮಾರು 9 ಅಡಿಯಷ್ಟು ಭಾಗವನ್ನು ಕಲ್ಲು ಕೊರೆಯುವ ಸಮುದ್ರದ ಚಿಪ್ಪುಜೀವಿಗಳು ತೂತು ತೂತಾಗಿಸಿವೆ. ನೆಲದ ಮೇಲೆ ನೆಟ್ಟ ಕಂಬಗಳು ಬೀಳದೆಯೇ ಸಮುದ್ರದಲ್ಲಿ ಮುಳುಗಿ, ಬೀಳದೆಯೇ ಮರಳಿ ಮೇಲೆದ್ದಿವೆ ಎಂಬುದಲ್ಲದೆ ಇದಕ್ಕೆ ಬೇರೆ ವಿವರಣೆ ಇಲ್ಲ.

1828ರಲ್ಲಿ ಇವನ್ನು ನೋಡಿದ ಚಾರ್ಲ್ಸ್ ಲಯೆಲ್ 1830ರಲ್ಲಿ ಪ್ರಕಟಿಸಿದ ತನ್ನ ಭೂವಿಜ್ಞಾನ ಗ್ರಂಥದ ಮುಖಚಿತ್ರವಾಗಿ ಈ ಕಂಬಗಳನ್ನೇ ಆರಿಸಿಕೊಂಡನು. ಭೂಮಿ ಒಮ್ಮೆ ರೂಪುಗೊಂಡು ನಿಂತುಬಿಟ್ಟದ್ದಲ್ಲ, ಮನುಷ್ಯರ ಕಾಲದಲ್ಲೂ ಅದು ಏರಿಳಿಯುತ್ತಿದೆ ಎಂಬುದಕ್ಕೆ ಅವು ಪ್ರಮಾಣವಾದವು. ಪ್ರವಾಸಿಯ ನೋಟ ಜ್ಞಾನವಾಗಿ ಮಾರ್ಪಟ್ಟ ಶ್ರೇಷ್ಠ ನಿದರ್ಶನವಿದು. ಆದರೆ ಲಯೆಲ್‌ನ ವಾದಕ್ಕೆ ಬಲ ಬಂದುದು ಕಂಬಗಳಿಂದ ಮಾತ್ರವಲ್ಲ. 1503 ಮತ್ತು 1511ರ ರಾಜಾಜ್ಞೆಗಳನ್ನೂ 1538ನ್ನು ಕಂಡವರ ಹೇಳಿಕೆಗಳನ್ನೂ ಆತ ಬಳಸಿಕೊಂಡಿದ್ದಾನೆ. ಸಮುದ್ರ ಹಿಂದೆ ಸರಿದುದನ್ನು ಮೊದಲು ಕಂಡವರು ದಂಡೆಯವರು. ಅವರ ಮಾತು ದಾಖಲೆಯಾಗಿ, ದಾಖಲೆ ಸಿದ್ಧಾಂತವಾಯಿತು.

ದಂಡೆಯವರ ಸ್ಥಳಾಂತರ

ಈ ದಂಡೆಯವರ ಪಾಡು 20ನೆಯ ಶತಮಾನದಲ್ಲಿ ಏನಾಯಿತೆಂಬುದು ಈ ಚರಿತ್ರೆಯ ನೋವಿನ ಅಧ್ಯಾಯ. ಪೊಟ್ಸುವೋಲಿಯ ಅತ್ಯಂತ ಹಳೆಯ ಭಾಗವಾದ ರಿಯೋನೆ ತೆರ್ರಾ ಸಮುದ್ರದ ಮೇಲೆ ಚಾಚಿದ ಬಂಡೆಯ ಮೇಲಿದೆ. ಅಲ್ಲಿ ಮೀನುಗಾರರು, ಕೂಲಿಕಾರರು ಒತ್ತೊತ್ತಾಗಿ ವಾಸಿಸುತ್ತಿದ್ದರು. ನೆಲ ಏರತೊಡಗಿ ಗೋಡೆಗಳು ಬಿರುಕುಬಿಟ್ಟಾಗ, 1970ರ ಮಾರ್ಚ್ 2ರಂದು ಸೈನಿಕರನ್ನು ಕರೆಸಿ ಸುಮಾರು 3000 ಮಂದಿಯನ್ನು ಅಲ್ಲಿಂದ ಹೊರಡಿಸಲಾಯಿತು. ಅವರಿಗಾಗಿ ತೊಯಾನೊ ಎಂಬ ಹೊಸ ಬಡಾವಣೆ ಕಟ್ಟಿದರು. ಬಂಡೆಯ ಮೇಲಿನ ಮನೆಗಳಿಗೆ ಅವರು ಮರಳಲಿಲ್ಲ. ಹಾಗೆ ಖಾಲಿ ಮಾಡಿಸುವುದು ಅಗತ್ಯವಿತ್ತೆ ಎಂಬ ವಿವಾದ ಊರಿನಲ್ಲಿ ಉಳಿದುಕೊಂಡಿತು. 1982ರಿಂದ 1984ರವರೆಗೆ ನೆಲ ಮತ್ತೆ ಸುಮಾರು 1.8 ಮೀಟರ್ ಏರಿತು. ಬಂದರಿನ ನೀರು ಇಳಿದು ದೋಣಿಗಳು ಕೆಸರಿನ ಮೇಲೆ ಕುಳಿತವು. ಸುಮಾರು 40,000 ಜನ ಮನೆ ಬಿಡಬೇಕಾಯಿತು. ಅವರಿಗಾಗಿ ಮೊಂತೆರುಶೆಲ್ಲೊ ಎಂಬ ಹೊಸ ಊರು ಎದ್ದಿತು. ಆದರೆ ಸ್ಫೋಟವಾಗಲಿಲ್ಲ.

ರಿಯೋನೆ ತೆರ್ರಾದಲ್ಲಿ ಅನಂತರ ಉತ್ಖನನ ನಡೆದು ಮನೆಗಳಡಿಯಲ್ಲಿದ್ದ ರೋಮನ್ ಬೀದಿಗಳು ಹೊರಬಂದವು. 1964ರ ಬೆಂಕಿಯಲ್ಲಿ ಗೋಡೆಗಳು ಬಿದ್ದು ಒಳಗಿನ ರೋಮನ್ ದೇಗುಲವನ್ನು ತೋರಿದ ಕ್ಯಾಥೆಡ್ರಲ್ 2014ರಲ್ಲಿ ಮತ್ತೆ ತೆರೆಯಿತು. ಹೀಗೆ ವಾಸದ ನೆಲ ಪ್ರೇಕ್ಷಣೀಯ ತಾಣವಾಯಿತು. ಪ್ರಾಣರಕ್ಷಣೆಗಾಗಿ ಸ್ಥಳಾಂತರಿಸುವುದನ್ನು ಆಕ್ಷೇಪಿಸಲಾಗದು. ಆದರೆ ಬಂದರಿನ ಕಲ್ಲಿನ ಮೇಲೆ ನೀರು ಎಲ್ಲಿಯವರೆಗೆ ಬಂದಿದೆ ಎಂಬುದನ್ನು ದಿನವೂ ಕಣ್ಣಿನಲ್ಲೇ ಅಳೆಯುತ್ತಿದ್ದ ಜನರನ್ನು ದಂಡೆಯಿಂದ ಬಿಡಿಸಿದಾಗ, ಅವರ ಅಳತೆಯೂ ಅದನ್ನು ಮಕ್ಕಳಿಗೆ ಹೇಳುವ ಸಂದರ್ಭವೂ ಕಳೆದುಹೋಗುತ್ತವೆ. ಮನೆಯ ನಷ್ಟಕ್ಕೆ ಲೆಕ್ಕವಿದೆ, ಈ ನಷ್ಟವನ್ನು ಯಾವ ಪರಿಹಾರದ ಪಟ್ಟಿಯೂ ದಾಖಲಿಸುವುದಿಲ್ಲ.

2005ರಿಂದ ನೆಲ ಮತ್ತೆ ಏರತೊಡಗಿತು. 2012ರ ಡಿಸೆಂಬರಿನಲ್ಲಿ ಎಚ್ಚರಿಕೆಯ ಮಟ್ಟವನ್ನು ಹಸಿರಿನಿಂದ ಹಳದಿಗೆ ಏರಿಸಲಾಯಿತು. 2017ರ ಸೆಪ್ಟೆಂಬರ್ 12ರಂದು ಸೊಲ್ಫತಾರವನ್ನು ನೋಡಲು ಬಂದ ಒಂದೇ ಕುಟುಂಬದ ಮೂವರು ಅಲ್ಲಿಯ ಕುಳಿಯೊಂದರಲ್ಲಿ ಬಿದ್ದು ಪ್ರಾಣ ಕಳೆದುಕೊಂಡರು. ಆ ತಾಣವನ್ನು ಮುಚ್ಚಲಾಯಿತು. 2024ರ ಮೇ 20ರಂದು 4.4, 2025ರ ಮಾರ್ಚ್ 13ರಂದು 4.6 ಪರಿಮಾಣದ ಭೂಕಂಪಗಳಾದವು. ಅತ್ಯಪಾಯದ ವಲಯವೆಂದು ಗುರುತಿಸಿದ ಪ್ರದೇಶದಲ್ಲಿ ಸುಮಾರು ಐದು ಲಕ್ಷ ಜನರಿದ್ದಾರೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಈ ಕರಾವಳಿಯ ಪ್ರೇಕ್ಷಣೆಯನ್ನು ಪುರಾಣದಿಂದ ವಿಜ್ಞಾನಕ್ಕೆ ನಡೆದ ನೇರ ದಾರಿಯೆಂದು ಚಿತ್ರಿಸುವುದು ಸರಿಯಲ್ಲ. ಪುರಾಣವನ್ನು ಗೇಲಿ ಮಾಡಿದವರೂ ಅದರ ತಾಣಗಳನ್ನೇ ಹುಡುಕಿಕೊಂಡು ಬಂದರು. ವಿಜ್ಞಾನಿಗಳೂ ದಾರಿತೋರುಗರ ಬೆನ್ನಹಿಂದೆ ನಡೆದರು. ಎರಡು, ಸ್ಥಳೈತಿಹ್ಯವು ಮುನ್ಸೂಚನೆಯ ಸಾಧನವಲ್ಲ. ರಾಶಿಬಿದ್ದ ಮೀನನ್ನು ಹೊತ್ತೊಯ್ದವರಿಗೆ ಸಂಜೆಯ ಬೆಂಕಿಯ ಸುಳಿವು ಯಾವ ಕಥೆಯಿಂದಲೂ ಸಿಗಲಿಲ್ಲ. ಯಾವಾಗ ಎಂಬ ಪ್ರಶ್ನೆಗೆ ಉಪಕರಣಗಳನ್ನೇ ನಂಬಬೇಕು. ಮೂರು, ಆದರೂ ಈ ನೆಲ ಸುಮ್ಮನಿದೆಯೇ ಹೊರತು ಸತ್ತಿಲ್ಲ ಎಂಬ ಮೂಲಭೂತ ತಿಳಿವನ್ನು ಸ್ಫೋಟವಿಲ್ಲದ ಶತಮಾನಗಳುದ್ದಕ್ಕೂ ಕಾಪಾಡಿದುದು ಐತಿಹ್ಯ ಮತ್ತು ಆಚರಣೆ. 1538ರ ನಂತರ ಕಾಂಪಿ ಫ್ಲೆಗ್ರೇಯಿಯಲ್ಲಿ ಶಿಲಾರಸ ಹೊರಬಂದಿಲ್ಲ. ಇಪ್ಪತ್ತು ತಲೆಮಾರುಗಳು ಕಾಣದೇ ಇರುವ ಅಪಾಯವನ್ನು ಇಪ್ಪತ್ತೊಂದನೆಯ ತಲೆಮಾರಿಗೆ ನೆನಪಿಸುವುದು ಅಂಕಿಅಂಶಗಳಿಂದ ಮಾತ್ರ ಆಗುವ ಕೆಲಸವಲ್ಲ.

ಆದುದರಿಂದ ಇಂಥ ಪ್ರದೇಶಗಳ ಅಧ್ಯಯನದಲ್ಲಿ ನೋಡಲು ಬಂದವರ ಬರಹಗಳ ಜೊತೆಗೆ ತೋರಿಸಿದವರ, ಅಲ್ಲಿ ಬದುಕಿದವರ, ಅಲ್ಲಿಂದ ಎಬ್ಬಿಸಲ್ಪಟ್ಟವರ ಮೌಖಿಕ ಪರಂಪರೆಯನ್ನೂ ಆಕರವಾಗಿ ಸ್ವೀಕರಿಸಬೇಕಾಗಿದೆ. 1970ರಲ್ಲಿ ರಿಯೋನೆ ತೆರ್ರಾದಿಂದ ಹೊರಟ ಅಂದಿನ ಮಕ್ಕಳು ಇಂದು ವೃದ್ಧಾಪ್ಯಕ್ಕೆ ಕಾಲಿಟ್ಟಿದ್ದಾರೆ. ಆ ಬಂಡೆಯ ಮೇಲಿನಿಂದ ಕಂಡ ಸಮುದ್ರದ ನೆನಪು ಇರುವುದು ಅವರಲ್ಲಿ. ಅದನ್ನು ಸಂಗ್ರಹಿಸಿ ದಾಖಲಿಸಲು ಉಳಿದಿರುವ ಅವಧಿ ಹೆಚ್ಚಿನದಲ್ಲ.